ಬಿದ್ದರೂ ಕಣ್ಣು ಉಳಿಯಬೇಕು: ರೇಸಿಂಗ್ ಡ್ರೋನ್ ಫ್ರೇಮ್ ನೀವೇ ವಿನ್ಯಾಸ ಮಾಡುವ ಬಗೆ

ಕಬ್ಬು ಕಡಿದ ಗದ್ದೆ ದೂರದಿಂದ ಸಮತಟ್ಟಾದ ಮೈದಾನದ ಹಾಗೆ ಕಾಣುತ್ತದೆ. ಹತ್ತಿರ ಹೋದರೆ ಸಾಲುಸಾಲಾಗಿ ಕೂಳೆ ನಿಂತಿರುತ್ತದೆ. ಮಚ್ಚಿನಲ್ಲಿ ಓರೆಯಾಗಿ ಕೊಚ್ಚಿದ ತುದಿ, ಈಟಿ ಇದ್ದ ಹಾಗೆ. ಮಂಡ್ಯದ ಹೊರಗಿನ ಅಂಥದ್ದೊಂದು ಗದ್ದೆಯಲ್ಲಿ ನನ್ನ ಮೊದಲ ರೇಸಿಂಗ್ ಡ್ರೋನ್ ಬಿತ್ತು, 5 ಇಂಚಿನ ಪ್ರೊಪೆಲ್ಲರ್‌ನದು. ತೋಳುಗಳಿಗೆ ಏನೂ ಆಗಿರಲಿಲ್ಲ. ನಾಲ್ಕೂ ಮೋಟರ್ ಚೆನ್ನಾಗಿ ತಿರುಗುತ್ತಿದ್ದವು. ಒಂದೇ ಒಂದು ಕೂಳೆ ಮಾತ್ರ ನೆಟ್ಟಗೆ ಕ್ಯಾಮೆರಾ ಲೆನ್ಸಿಗೆ ಚುಚ್ಚಿತ್ತು. ಗದ್ದೆಯ ಯಜಮಾನರು ಬದುವಿನ ಮೇಲೆ ನಿಂತು, "ಮತ್ತೆ ಬಿತ್ತೇನ್ಲಾ ಮಗ ನಿನ್ ಜೀರ್ಜಿಂಬೆ?" ಅಂದರು. "ಕಣ್ಣು ಹೋಯ್ತು ಮಾವ" ಅಂದೆ. ಈ ಡ್ರೋನನ್ನು ಹಾರಿಸುವುದೇ ಅದರ ಕ್ಯಾಮೆರಾ ಕಳಿಸುವ ಚಿತ್ರವನ್ನು ವಿಡಿಯೊ ಕನ್ನಡಕದಲ್ಲಿ ನೋಡುತ್ತಾ.

ಆ ಫ್ರೇಮ್ ಅಂಗಡಿಯಿಂದ ತಂದದ್ದು, ಬೆಲೆಯೂ ಜಾಸ್ತಿನೇ. ಆದರೆ ಮುಂಭಾಗ ಪೂರ್ತಿ ತೆರೆದಿತ್ತು, ಲೆನ್ಸ್ 4 ಮಿ.ಮೀ. ಹೊರಗೆ ಇಣುಕುತ್ತಿತ್ತು. ಅವತ್ತಿನಿಂದ ಫ್ರೇಮ್ ನಾನೇ ಬರೆಯುತ್ತಿದ್ದೇನೆ. ಈಗ ಹಾರಿಸುತ್ತಿರುವುದು ಐದನೆಯದು. ಹೊರದೇಶದ ಸಿದ್ಧ ಡ್ರೋನ್ ಆಮದನ್ನು ಸರ್ಕಾರ 2022ರ ಫೆಬ್ರವರಿಯಲ್ಲಿ ನಿಷೇಧಿಸಿದ ಮೇಲಂತೂ ಬಿಡಿಭಾಗ ತಂದು ನಾವೇ ಕಟ್ಟುವುದೇ ನೇರ ದಾರಿ. ಬಿಡಿಭಾಗಗಳಿಗೆ ಆ ನಿಷೇಧ ಇಲ್ಲ.

ಮೊದಲು ಯಾವುದು ಮುರಿಯಬೇಕು?

ಗಟ್ಟಿ ಫ್ರೇಮ್ ಬೇಕು ಅಂದ ತಕ್ಷಣ ಎಲ್ಲವನ್ನೂ ದಪ್ಪ ಮಾಡಿಬಿಡುತ್ತೇವೆ. ನಾನೂ ಮಾಡಿದ್ದೆ. ಒಂದು ಲೆಕ್ಕ ನೋಡಿ. ಬ್ಯಾಟರಿ ಸೇರಿ 500 ಗ್ರಾಂ ತೂಗುವ ಡ್ರೋನ್ ಗಂಟೆಗೆ 100 ಕಿ.ಮೀ. ವೇಗದಲ್ಲಿದ್ದರೆ ಅದರಲ್ಲಿ ಸುಮಾರು 193 ಜೂಲ್ ಶಕ್ತಿ ಇರುತ್ತದೆ. ಸುಮ್ನೆ ಕೈಬಿಟ್ಟು ಅಷ್ಟು ಶಕ್ತಿ ಬರಿಸಬೇಕಾದರೆ 39 ಮೀಟರ್ ಎತ್ತರದಿಂದ ಬಿಡಬೇಕು. ಒಂದರ ಮೇಲೊಂದು ಎರಡು ತೆಂಗಿನ ಮರ ನಿಲ್ಲಿಸಿ ಮೇಲಿನ ತುದಿಯಿಂದ ಬಿಟ್ಟ ಹಾಗೆ. ಈ ಪೆಟ್ಟು ಎಲ್ಲೋ ಒಂದು ಕಡೆ ಹೋಗಲೇಬೇಕು. ಎಲ್ಲಿಗೆ ಹೋಗಬೇಕು ಅಂತ ನೀವು ಹೇಳದಿದ್ದರೆ ಅದೇ ದಾರಿ ಹುಡುಕಿಕೊಳ್ಳುತ್ತದೆ.

ರೋಟಾವೇಟರ್ ಇಟ್ಟುಕೊಂಡಿರುವ ರೈತರನ್ನು ಕೇಳಿ. ಟ್ರ್ಯಾಕ್ಟರಿನಿಂದ ಬರುವ ಶಾಫ್ಟಿನಲ್ಲಿ ಒಂದು ಶಿಯರ್ ಬೋಲ್ಟ್ ಹಾಕಿರುತ್ತಾರೆ. ಬ್ಲೇಡಿಗೆ ಬಂಡೆ ಸಿಕ್ಕಿಕೊಂಡರೆ ಮೊದಲು ಆ ಬೋಲ್ಟ್ ತುಂಡಾಗುತ್ತದೆ, ಗೇರ್‌ಬಾಕ್ಸ್ ಉಳಿಯುತ್ತದೆ. ಡ್ರೋನಿನಲ್ಲೂ ಹಾಗೇ ಒಂದು ಸರದಿ ಬರೆದುಕೊಳ್ಳಿ. ನನ್ನದು ಹೀಗಿದೆ: ಮೊದಲು ಪ್ರೊಪೆಲ್ಲರ್, ಆಮೇಲೆ ಟಿಪಿಯು ಅನ್ನುವ ಬಾಗುವ ಪ್ಲಾಸ್ಟಿಕ್ಕಿನ ಭಾಗಗಳು, ಆಮೇಲೆ ಅಲ್ಯೂಮಿನಿಯಂ ಸ್ಟ್ಯಾಂಡ್‌ಆಫ್ (ತಟ್ಟೆಗಳ ನಡುವೆ ನಿಲ್ಲುವ ಸಣ್ಣ ಕಂಬ) ಬಾಗಬಹುದು, ಕೊನೆಗೆ ಒಂದು ತೋಳು. ಕ್ಯಾಮೆರಾ, ಫ್ಲೈಟ್ ಕಂಟ್ರೋಲರ್ (ಹಾರಾಟ ನಿಯಂತ್ರಿಸುವ ಬೋರ್ಡ್), ವಿಡಿಯೊ ಟ್ರಾನ್ಸ್‌ಮಿಟರ್ ಈ ಸರದಿಯಲ್ಲೇ ಇಲ್ಲ. ಮುಂದೆ ತೆಗೆದುಕೊಳ್ಳುವ ಪ್ರತಿ ತೀರ್ಮಾನವನ್ನೂ ಈ ಚೀಟಿ ನೋಡಿಯೇ ತೆಗೆದುಕೊಳ್ಳಿ.

ವರ್ನಿಯರ್ ಹಿಡಿದು ಕೂರಿ

ಫ್ರೇಮ್ ಬರೆಯುವ ಮೊದಲು ಒಳಗೆ ಕೂರುವ ಸಾಮಾನು ಕೈಯಲ್ಲಿರಬೇಕು. ಮಾರುವವರು ಕೊಡುವ ಅಳತೆಗೂ ನಿಜವಾದ ಅಳತೆಗೂ ಅರ್ಧ ಮಿ.ಮೀ. ವ್ಯತ್ಯಾಸ ಇರುವುದು ಮಾಮೂಲಿ, ಆ ಅರ್ಧ ಮಿ.ಮೀ.ನಲ್ಲೇ ಕ್ಯಾಮೆರಾ ಕೂರುವುದಿಲ್ಲ. 5.1 ಇಂಚಿನ ಪ್ರೊಪೆಲ್ಲರ್ ಅಂದರೆ 129.5 ಮಿ.ಮೀ., 130 ಅಂತ ಹಿಡಿಯಿರಿ. ಮೋಟರ್ 2207 ಅಂದರೆ ಅದರ ಸ್ಟೇಟರ್ (ತಂತಿ ಸುತ್ತಿದ, ತಿರುಗದ ಒಳಭಾಗ) 22 ಮಿ.ಮೀ. ಅಗಲ, 7 ಮಿ.ಮೀ. ಎತ್ತರ. ಈ ಗಾತ್ರದ ಮೋಟರ್‌ಗಳಲ್ಲಿ ಸಾಮಾನ್ಯವಾಗಿ ಎದುರುಬದುರು ತೂತುಗಳ ನಡುವೆ 16 ಮಿ.ಮೀ. ಇರುತ್ತದೆ, ಸ್ಕ್ರೂ ಎಂ3, ಅಂದರೆ 3 ಮಿ.ಮೀ. ವ್ಯಾಸದ್ದು. ಫ್ಲೈಟ್ ಕಂಟ್ರೋಲರ್ ತೂತುಗಳ ಅಂತರ 30.5 ಅಥವಾ 20 ಮಿ.ಮೀ. ರೇಸಿಗೆ ನಾನು 20ರದ್ದನ್ನೇ ಆರಿಸುತ್ತೇನೆ, ನಡುಭಾಗ ಸಪೂರವಾಗುತ್ತದೆ. ಕ್ಯಾಮೆರಾ ಮೈಕ್ರೊ ಗಾತ್ರದ್ದಾದರೆ 19 ಮಿ.ಮೀ. ಅಗಲ, ನ್ಯಾನೊ ಆದರೆ 14.

ನಾಲ್ಕು ಚುಕ್ಕಿ ಇಡುವುದು

ನಾಲ್ಕು ಮೋಟರ್‌ಗಳ ಜಾಗವೇ ರಂಗೋಲಿಯ ಚುಕ್ಕಿ, ಉಳಿದದ್ದೆಲ್ಲ ಅದರ ಸುತ್ತ ಎಳೆಯುವ ಗೆರೆ. ಚೌಕಾಕಾರವಾಗಿ ಇಟ್ಟರೆ ಎಲ್ಲ ಕಡೆಗೂ ಒಂದೇ ಥರ ತಿರುಗುತ್ತದೆ. ರೇಸಿನಲ್ಲಿ ಹೆಚ್ಚಿನ ಹೊತ್ತು ಮುಂದಕ್ಕೇ ನುಗ್ಗುತ್ತಿರುತ್ತೇವೆ. ಆಗ ಮುಂದಿನ ಪ್ರೊಪೆಲ್ಲರ್ ಕಲಕಿದ ಗಾಳಿ ಹಿಂದಿನದಕ್ಕೆ ಹೋಗುತ್ತದೆ. ಅದಕ್ಕೇ ಉದ್ದಕ್ಕೆ ಸ್ವಲ್ಪ ಎಳೆದ ಆಕಾರ ರೇಸಿನವರಿಗೆ ಇಷ್ಟ. ನನ್ನದು ಹಿಂದೆಮುಂದೆ 170 ಮಿ.ಮೀ., ಎಡಬಲ 145. ಮೂಲೆಯಿಂದ ಮೂಲೆಗೆ 223 ಮಿ.ಮೀ. ಬರುತ್ತದೆ. ಪ್ರೊಪೆಲ್ಲರ್ 130 ಅಂದುಕೊಂಡರೆ ಅಕ್ಕಪಕ್ಕದ ತುದಿಗಳ ನಡುವೆ 15 ಮಿ.ಮೀ., ಹಿಂದೆಮುಂದೆ 40 ಮಿ.ಮೀ. ಉಳಿಯುತ್ತದೆ. ಬಿದ್ದಾಗ ತೋಳು ಕ್ಷಣಕ್ಕೆ ಬಾಗುವುದರಿಂದ 15ಕ್ಕಿಂತ ಕಡಿಮೆ ನಾನು ಇಡುವುದಿಲ್ಲ. ಕರ್ಣಗಳು ಕೂಡುವ ಬಿಂದುವಿನ ಮೇಲೆ ಬ್ಯಾಟರಿಯ ತೂಕ ಬರುವಂತೆ ಈಗಲೇ ಗುರುತು ಹಾಕಿ.

ತೋಳು

ಕಾರ್ಬನ್ ಫೈಬರ್ ಹಾಳೆ ಬಾಗದಿರುವ ಗುಣ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. 4 ಮಿ.ಮೀ.ನಿಂದ 5ಕ್ಕೆ ಹೋದರೆ ಗಡಸುತನ ಸುಮಾರು ಎರಡರಷ್ಟು. 5ರಿಂದ 6ಕ್ಕೆ ಹೋದರೆ 1.7ರಷ್ಟು. ಅಗಲ ಹೆಚ್ಚಿಸಿದರೆ ಲಾಭ ಬರೀ ಅಗಲದಷ್ಟೇ, ಮೇಲಾಗಿ ಅಗಲ ತೋಳು ಪ್ರೊಪೆಲ್ಲರ್ ತಳ್ಳುವ ಗಾಳಿಗೂ ಅಡ್ಡ. ಹಾಗಾಗಿ ಸಪೂರ ಮತ್ತು ದಪ್ಪ ತೋಳೇ ಸರಿ. 5 ಮಿ.ಮೀ. ದಪ್ಪ, 12 ಅಗಲ, 80 ಉದ್ದದ ತೋಳು ಸುಮಾರು 7.7 ಗ್ರಾಂ ತೂಗುತ್ತದೆ. ದಪ್ಪ 6 ಮಾಡಿದರೆ 9.2. ನಾಲ್ಕಕ್ಕೂ ಸೇರಿ 6 ಗ್ರಾಂ ಜಾಸ್ತಿ. ಕಲಿಯುತ್ತಿರುವವರು ಆ 6 ಗ್ರಾಂ ಕೊಟ್ಟುಬಿಡಿ, ಕೈ ಪಳಗಿದ ಮೇಲೆ 5ಕ್ಕೆ ಇಳಿಯಬಹುದು.

ದಪ್ಪಕ್ಕಿಂತ ಮುಖ್ಯವಾದದ್ದು ಎಳೆಯ ದಿಕ್ಕು. ಸೌದೆ ಸೀಳಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಮೈಸೂರಿನ ಬೀಟೆ ಮರದ ಇನ್‌ಲೇ ಕೆಲಸದವರೂ ತುಂಡು ಕತ್ತರಿಸುವ ಮೊದಲು ಮರದ ಎಳೆ ನೋಡುತ್ತಾರೆ. ಕಾರ್ಬನ್ ಹಾಳೆಯಲ್ಲೂ ಎಳೆಗಳು ಉದ್ದಕ್ಕೆ, ಅಡ್ಡಕ್ಕೆ ಹಾಸಿರುತ್ತವೆ. ನಾಲ್ಕೂ ತೋಳು ಸೇರಿಸಿ ಒಂದೇ ಎಕ್ಸ್ ಆಕಾರ ಕತ್ತರಿಸಿದರೆ ಪ್ರತಿ ತೋಳಿಗೂ ಎಳೆ ಸುಮಾರು 45 ಡಿಗ್ರಿ ಓರೆಯಾಗಿ ಬರುತ್ತದೆ, ಅದು ಹೆಚ್ಚು ಬಾಗುತ್ತದೆ. ತೋಳು ಬಿಡಿಬಿಡಿಯಾಗಿದ್ದರೆ ಒಂದೊಂದನ್ನೂ ಎಳೆಯ ಉದ್ದಕ್ಕೇ ಮಲಗಿಸಿ ಕತ್ತರಿಸಬಹುದು. ಮುರಿದರೆ ಒಂದನ್ನೇ ಬದಲಾಯಿಸಬಹುದು, ಅಲ್ವಾ? ನನ್ನ ಎರಡನೇ ಫ್ರೇಮ್ ಒಂದೇ ತುಂಡಿನದು. ಒಂದು ತೋಳು ಸೀಳಿತು ಅಂತ ಒಳಗಿನ ಸಾಮಾನೆಲ್ಲ ಬಿಚ್ಚಿ ಹೊಸ ಫ್ರೇಮಿಗೆ ಹಾಕುವಷ್ಟರಲ್ಲಿ ಭಾನುವಾರ ಮುಗಿದಿತ್ತು.

ಆಕಾರ ಬರೆಯುವಾಗ ಒಳಮೂಲೆ ಯಾವುದೂ ಚೂಪಾಗಿರಬಾರದು, ಕನಿಷ್ಠ 2 ಮಿ.ಮೀ. ತ್ರಿಜ್ಯದ ದುಂಡು ಕೊಡಿ. ಬಿರುಕು ಶುರುವಾಗುವುದೇ ಚೂಪು ಮೂಲೆಯಿಂದ. ತೂತಿನ ಅಂಚಿಗೂ ಹಾಳೆಯ ಅಂಚಿಗೂ ನಡುವೆ ಕನಿಷ್ಠ ತೂತಿನ ವ್ಯಾಸದಷ್ಟು ಹಾಳೆ ಉಳಿಯಲಿ. ತೋಳಿನ ತುದಿ ಮೋಟರಿನ ಗಂಟೆಗಿಂತ (ಗಂಟೆಯಾಕಾರದ, ತಿರುಗುವ ಹೊರಕವಚ) 1ರಿಂದ 2 ಮಿ.ಮೀ. ಹೊರಗೆ ಬರಲಿ. ಗೋಡೆಗೋ, ರೇಸಿನಲ್ಲಿ ತೂರಿ ಹೋಗಬೇಕಾದ ಗೇಟಿಗೋ ತಾಗಿದಾಗ ಮೊದಲು ಕಾರ್ಬನ್ ತಾಗಬೇಕು, ಗಂಟೆ ಅಲ್ಲ.

ತೋಳಿನ ಬುಡವನ್ನು ಎರಡು ತಟ್ಟೆಗಳ ನಡುವೆ ಸ್ಯಾಂಡ್‌ವಿಚ್ ಥರ ಹಿಡಿಯುವುದು ವಾಸಿ. ಕೆಳಗೆ 2 ಮಿ.ಮೀ., ಮೇಲೆ 2 ಮಿ.ಮೀ., ಒಂದೊಂದು ತೋಳಿಗೆ ಎರಡು ಎಂ3 ಬೋಲ್ಟ್. ನಾಲ್ಕು ತೋಳಿನ ಬುಡಗಳೂ ನಡುವೆ ಒಂದಕ್ಕೊಂದು ಒತ್ತಿಕೊಂಡು ಕೂರಲಿ. ಆಗ ಪೆಟ್ಟಿನ ತಳ್ಳುವಿಕೆ ಎದುರಿನ ತೋಳಿಗೆ ಹೋಗುತ್ತದೆ. ಬರೀ ಬೋಲ್ಟ್‌ಗಳ ಮೇಲೆ ಬಿಟ್ಟರೆ ಆ ತೂತುಗಳೇ ಹಿಗ್ಗುತ್ತವೆ.

ಕ್ಯಾಮೆರಾ ಗೂಡು

ಹಳೇ ಮನೆಗಳ ಗೋಡೆಯಲ್ಲಿ ದೀಪದ ಗೂಡು ನೋಡಿದ್ದೀರಾ? ದೀಪ ಒಳಗಿರುತ್ತದೆ, ಗಾಳಿ ತಾಗುವುದಿಲ್ಲ, ಬೆಳಕು ಮಾತ್ರ ಹೊರಗೆ ಬರುತ್ತದೆ. ಕ್ಯಾಮೆರಾ ಕೂರಿಸುವುದೂ ಹಾಗೇ. ವ್ಯತ್ಯಾಸ ಇಷ್ಟೇ, ಇಲ್ಲಿ ಬೆಳಕು ಒಳಗೆ ಬರಬೇಕು.

ಮೇಲಿನ ತಟ್ಟೆ ಮತ್ತು ಕೆಳಗಿನ ತಟ್ಟೆಯ ನಡುವೆ ಎರಡು ನಿಂತ ಪಕ್ಕೆಗಳು, 2 ಮಿ.ಮೀ. ಕಾರ್ಬನ್. ಪಕ್ಕೆಗಳಿಗೆ ಮೇಲೆ ಕೆಳಗೆ ಹಲ್ಲು ಬಿಟ್ಟು, ತಟ್ಟೆಗಳಲ್ಲಿ ಅದಕ್ಕೆ ತಕ್ಕ ಸೀಳು ಬರೆಯಿರಿ. ಸೀಳು ಹಲ್ಲಿಗಿಂತ 0.1 ಮಿ.ಮೀ. ದೊಡ್ಡದಿದ್ದರೆ ಸಾಕು. ಪಕ್ಕೆಗಳ ಹಿಂದೆಯೇ ಎರಡು ಸ್ಟ್ಯಾಂಡ್‌ಆಫ್ ನಿಲ್ಲಲಿ. ಈಗ ಮುಂದಿನಿಂದ ಬಂದ ಪೆಟ್ಟು ಪಕ್ಕೆಗೆ, ಅಲ್ಲಿಂದ ತಟ್ಟೆಗೆ, ಅಲ್ಲಿಂದ ತೋಳುಗಳಿಗೆ ಹೋಗುತ್ತದೆ. ಕ್ಯಾಮೆರಾ ಆ ದಾರಿಯಲ್ಲೇ ಇಲ್ಲ. ಇಡೀ ವಿನ್ಯಾಸದಲ್ಲಿ ನನಗೆ ಹೆಮ್ಮೆ ಇರುವ ಜಾಗ ಇದೊಂದೇ.

ಲೆನ್ಸ್ ಎಷ್ಟು ಒಳಗಿರಬೇಕು? ಸ್ಟೀಲ್ ಸ್ಕೇಲ್ ತೆಗೆದುಕೊಂಡು ಮೇಲಿನ ತಟ್ಟೆಯ ಮುಂದಂಚಿಗೂ ಕೆಳಗಿನ ತಟ್ಟೆಯ ಮುಂದಂಚಿಗೂ ಒಟ್ಟಿಗೆ ತಾಗಿಸಿ. ಲೆನ್ಸ್ ಸ್ಕೇಲಿಗೆ ತಾಗಬಾರದು. ಎಡದ ಪಕ್ಕೆಯಿಂದ ಬಲದ ಪಕ್ಕೆಗೆ ಇಟ್ಟು ನೋಡಿ, ಮೂಲೆಯಿಂದ ಮೂಲೆಗೂ ಇಡಿ. ಸಮ ನೆಲದ ಮೇಲೆ ಹಾರಿಸುವವರಿಗೆ 3 ಮಿ.ಮೀ. ಅಂತರ ಸಾಕು. ಕೂಳೆ ಗದ್ದೆಗೆ ನಾನು 5 ಇಡುತ್ತೇನೆ. ಇದನ್ನು ಒಂದೇ ಕೋನದಲ್ಲಿ ನೋಡಿ ಬಿಡಬೇಡಿ. ರೇಸಿಗೆ ಕ್ಯಾಮೆರಾ 35ರಿಂದ 50 ಡಿಗ್ರಿ ಮೇಲಕ್ಕೆ ಓರೆಯಾಗಿರುತ್ತದೆ. ಕೋನ ಕಡಿಮೆಯಾದಷ್ಟೂ ಲೆನ್ಸ್ ಮುಂದಕ್ಕೆ ಬರುತ್ತದೆ, ಹೆಚ್ಚಾದಷ್ಟೂ ಮೇಲಿನ ತಟ್ಟೆಯ ಕಡೆಗೆ ಏರುತ್ತದೆ. ಎರಡೂ ತುದಿಯ ಕೋನದಲ್ಲಿ ಬರೆದು ನೋಡಿ.

ಎತ್ತರದಲ್ಲಿ ನಾನು ಮೋಸ ಹೋಗಿದ್ದೆ. ಕ್ಯಾಮೆರಾ 19 ಮಿ.ಮೀ. ತಾನೇ, 20 ಮಿ.ಮೀ. ಸ್ಟ್ಯಾಂಡ್‌ಆಫ್ ಸಾಕು ಅಂದುಕೊಂಡೆ. ಓರೆ ಮಾಡಿದರೆ ಮೂಲೆ ತಾಗುತ್ತದೆ! 45 ಡಿಗ್ರಿಯಲ್ಲಿ ಲೆನ್ಸ್ ಸೇರಿ 27 ಮಿ.ಮೀ.ವರೆಗೂ ಜಾಗ ಬೇಕಾಗಬಹುದು. ಸ್ಟ್ಯಾಂಡ್‌ಆಫ್ 25 ಇಟ್ಟು, ಮೇಲಿನ ತಟ್ಟೆಯ ಮುಂದೆ ಇಂಗ್ಲಿಷಿನ ಯು ಆಕಾರದಲ್ಲಿ ಕೊರೆದುಬಿಟ್ಟೆ. ಎರಡು ಕಡೆ ಕೊಂಬು ಉಳಿಯುತ್ತದೆ. ಸ್ಕೇಲ್ ಆ ಕೊಂಬುಗಳ ಮೇಲೇ ಕೂರುವುದರಿಂದ ರಕ್ಷಣೆ ಕಡಿಮೆಯಾಗುವುದಿಲ್ಲ.

ಅಗಲದ ವಿಷಯಕ್ಕೆ ಬಂದರೆ, 19 ಮಿ.ಮೀ. ಕ್ಯಾಮೆರಾ, ಎರಡೂ ಕಡೆ 1.5 ಮಿ.ಮೀ. ಟಿಪಿಯು, ಒಟ್ಟು 22 ಮಿ.ಮೀ. ಪಕ್ಕೆಗಳ ನಡುವೆ ಇಷ್ಟೇ ಬಾಯಿ. ನಮ್ಮ ಕಡೆಯ ಕಬ್ಬು ಸಾಮಾನ್ಯವಾಗಿ ಇದಕ್ಕಿಂತ ದಪ್ಪ, ಕೂಳೆಯ ಬುಡ ಒಳಗೆ ನುಗ್ಗುವುದಿಲ್ಲ. ಕೊಚ್ಚಿದ ಓರೆ ತುದಿ ಮಾತ್ರ ಸ್ವಲ್ಪ ಇಣುಕಬಹುದು, ಆ 5 ಮಿ.ಮೀ. ಅದಕ್ಕೇ. ಭತ್ತದ ಕೂಳೆ ಸಣ್ಣದು, ಒಳಗೆ ಬಂದೇ ಬರುತ್ತದೆ, ಆದರೆ ಅದು ಲೆನ್ಸ್ ಒಡೆಯುವಷ್ಟು ಗಟ್ಟಿ ಅಲ್ಲ. ನೀವು ಹಾರಿಸುವ ಜಾಗದಲ್ಲಿ ಏನು ಚುಚ್ಚುತ್ತದೆ ಅಂತ ನೋಡಿ ಗೂಡಿನ ಬಾಯಿ ಇಡಿ.

ಕ್ಯಾಮೆರಾವನ್ನು ಕಾರ್ಬನ್ನಿಗೆ ನೇರವಾಗಿ ಬಿಗಿಯಬೇಡಿ. ನಡುವೆ ಟಿಪಿಯು ತೊಟ್ಟಿಲು ಇರಲಿ. ಇದು ರಬ್ಬರಿನ ಹಾಗೆ ಬಾಗುವ, 3ಡಿ ಪ್ರಿಂಟ್ ಮಾಡಬಹುದಾದ ಪ್ಲಾಸ್ಟಿಕ್, ಗಡಸುತನ 95ಎ ತೆಗೆದುಕೊಳ್ಳಿ. ಅದಕ್ಕಿಂತ ಮೆತ್ತಗಾದರೆ ಚಿತ್ರ ಜೆಲ್ಲಿ ಥರ ಅಲುಗುತ್ತದೆ. ಮಾಮೂಲಿ 3ಡಿ ಪ್ರಿಂಟಿನ ಪ್ಲಾಸ್ಟಿಕ್ ಪಿಎಲ್‌ಎ ಬೇಡ. ಪೆಟ್ಟಿಗೆ ಚೂರಾಗುತ್ತದೆ, ಸುಮಾರು 60 ಡಿಗ್ರಿಗೇ ಮೆತ್ತಗಾಗುತ್ತದೆ, ಏಪ್ರಿಲ್ ಬಿಸಿಲಲ್ಲಿ ಕಿಟಕಿ ಮುಚ್ಚಿ ನಿಲ್ಲಿಸಿದ ಕಾರು ಸಾಕು. ಟಿಪಿಯು ಗಾಳಿಯ ತೇವ ಹೀರುತ್ತದೆ. ಮಳೆಗಾಲದಲ್ಲಿ ಪ್ರಿಂಟ್ ಮಾಡುವ ಮುಂಚೆ ಸುರುಳಿಯನ್ನು 50 ಡಿಗ್ರಿಯಲ್ಲಿ ಕೆಲವು ಗಂಟೆ ಒಣಗಿಸಿ, ಇಲ್ಲದಿದ್ದರೆ ನೂಲುನೂಲಾಗಿ ಬರುತ್ತದೆ. ನಿಧಾನಕ್ಕೆ ಪ್ರಿಂಟ್ ಮಾಡಿ.

ಕೋನ ಬದಲಿಸಲು ಪಕ್ಕೆಯಲ್ಲಿ ಬಿಲ್ಲಿನಾಕಾರದ ಸೀಳು ಬಿಡುವುದು ರೂಢಿ. ನಾನು ಬಿಟ್ಟೆ, ಪಕ್ಕೆ ಅಲ್ಲೇ ಮುರಿಯಿತು. ಈಗ 35, 40, 45 ಡಿಗ್ರಿಗೆ ಬೇರೆಬೇರೆ ತೊಟ್ಟಿಲು ಪ್ರಿಂಟ್ ಮಾಡಿ ಡಬ್ಬದಲ್ಲಿ ಇಟ್ಟುಕೊಂಡಿದ್ದೇನೆ. ಪಕ್ಕೆಗೆ ಒಂದೇ ತೂತು. ಬಿದ್ದಾಗ ಕೋನ ಸರಿಯುವ ಕಾಟವೂ ಇಲ್ಲ.

ಸ್ಕ್ರೂ ಉದ್ದ ಲೆಕ್ಕ ಹಾಕಿಯೇ ತನ್ನಿ. ಪಕ್ಕೆ 2, ಟಿಪಿಯು 1.5, ಉಳಿದ 2.5 ಕ್ಯಾಮೆರಾ ಒಳಗೆ, ಒಟ್ಟು ಎಂ2 ಸ್ಕ್ರೂ 6 ಮಿ.ಮೀ. ಉದ್ದ. ಜಾಸ್ತಿ ಉದ್ದ ಆದರೆ ಒಳಗಿನ ಬೋರ್ಡಿಗೆ ತಾಗುತ್ತದೆ. ಕ್ಯಾಮೆರಾ ಹಿಂದೆ 5 ಮಿ.ಮೀ. ಖಾಲಿ ಇರಲಿ, ಅಲ್ಲಿ ಕೆಪಾಸಿಟರ್ ತುರುಕಬೇಡಿ. ಟಿಪಿಯು ಬಾಗಿ ಕ್ಯಾಮೆರಾ ಹಿಂದಕ್ಕೆ ಸರಿಯುವ ಜಾಗ ಅದು. ವೈರನ್ನೂ ಸ್ವಲ್ಪ ಸಡಿಲ ಬಿಡಿ.

ಲೆನ್ಸ್ ಅಗಲಕ್ಕೆ ನೋಡುವುದರಿಂದ ಚಿತ್ರದ ಮೂಲೆಯಲ್ಲಿ ಕೊಂಬುಗಳು ಕಾಣಿಸುತ್ತವೆ. ಕಾಣಲಿ ಬಿಡಿ. ಗೇಟು ಇರುವುದು ಚಿತ್ರದ ನಡುವೆ.

ಲಗ್ನಪತ್ರಿಕೆಯ ಫ್ರೇಮ್

ಕಾರ್ಬನ್ ಹಾಳೆ ದುಬಾರಿ. ಮೊದಲು 1:1 ಅಳತೆಯಲ್ಲಿ ಕಾಗದದ ಮೇಲೆ ಪ್ರಿಂಟ್ ತೆಗೆದು ದಪ್ಪ ರಟ್ಟಿಗೆ ಅಂಟಿಸಿ ಕತ್ತರಿಸಿ. ನಮ್ಮ ಮನೆಯಲ್ಲಿ ಹಳೇ ಲಗ್ನಪತ್ರಿಕೆಗಳಿಗೆ ಬರವಿಲ್ಲ, ಎರಡು ಅಂಟಿಸಿದರೆ ಒಳ್ಳೇ ತಟ್ಟೆಯಾಗುತ್ತದೆ. ನಿಜವಾದ ಮೋಟರ್, ಬೋರ್ಡ್, ಕ್ಯಾಮೆರಾ ಇಟ್ಟು ನೋಡಿ. ಸ್ಕ್ರೂಡ್ರೈವರ್ ಪ್ರತಿ ಸ್ಕ್ರೂವಿಗೂ ತಲುಪುತ್ತದಾ? ಯುಎಸ್‌ಬಿ ವೈರ್ ಚುಚ್ಚಲು ಜಾಗ ಇದೆಯಾ? ನನ್ನ ಮೂರನೇ ಫ್ರೇಮಿನಲ್ಲಿ ಯುಎಸ್‌ಬಿ ಎದುರಿಗೇ ಒಂದು ಸ್ಟ್ಯಾಂಡ್‌ಆಫ್ ನಿಂತಿತ್ತು. ರಟ್ಟಿನಲ್ಲಿ ನೋಡಿದ್ದರೆ ಐದು ನಿಮಿಷದ ಕೆಲಸ.

ಕತ್ತರಿಸುವುದು

ನಕ್ಷೆ ಬರೆಯುವ ಫ್ರೀಕ್ಯಾಡ್, ಲಿಬ್ರೆಕ್ಯಾಡ್ ತಂತ್ರಾಂಶ ಎರಡೂ ಉಚಿತ. ಕೊನೆಗೆ ಬೇಕಾದದ್ದು ಮಿ.ಮೀ. ಅಳತೆಯ ಡಿಎಕ್ಸ್‌ಎಫ್ ಕಡತ. ಗೆರೆಗಳೆಲ್ಲ ಕೂಡಿ ಮುಚ್ಚಿದ ಆಕಾರ ಆಗಿರಬೇಕು. ಎಂ3 ತೂತಿಗೆ 3.1ರಿಂದ 3.2, ಎಂ2ಗೆ 2.1ರಿಂದ 2.2 ಇಡಿ. ಲೇಸರ್ ಅಂಗಡಿಯವರು ಮಾಡಿಕೊಡ್ತೀವಿ ಅಂದರೂ ಬೇಡ ಅನ್ನಿ. ಮಾಮೂಲಿ ಲೇಸರಿಗೆ ಎಳೆಗಳನ್ನು ಹಿಡಿದಿಟ್ಟ ಅಂಟು (ರೆಸಿನ್) ಸುಡುತ್ತದೆ, ಎಳೆ ಸರಿಯಾಗಿ ಕತ್ತರಿಸುವುದಿಲ್ಲ, ಹೊಗೆ ವಿಷ. ಸಿಎನ್‌ಸಿ ರೂಟರ್ (ಕಂಪ್ಯೂಟರ್ ನಡೆಸುವ ಕೊರೆಯುವ ಮೆಷಿನ್), ಕಾರ್ಬೈಡ್ ಬಿಟ್ ಬೇಕು. ಬಾಗಿಲಿಗೆ ಕೆತ್ತನೆ ಮಾಡುವ ಮೈಸೂರಿನ ಒಂದು ಅಂಗಡಿಯಲ್ಲಿ ಮೊದಲ ಸಲ ಮಾಡಿಸಿದೆ. ಆಕಾರ ಸರಿಯಾಗೇ ಬಂತು, ಆದರೆ ಅಂಗಡಿ ತುಂಬ ಕಪ್ಪು ಧೂಳು. ಅದು ಮರದ ಹೊಟ್ಟಿನಂತಲ್ಲ. ಶ್ವಾಸಕೋಶಕ್ಕೂ ಚರ್ಮಕ್ಕೂ ಕೆಟ್ಟದ್ದು, ವಿದ್ಯುತ್ ಹರಿಸುವುದರಿಂದ ಮೆಷಿನಿನ ಎಲೆಕ್ಟ್ರಾನಿಕ್ಸಿಗೂ ಕೆಟ್ಟದ್ದು. ನೀರಿನಲ್ಲಿ ಮುಳುಗಿಸಿ ಕತ್ತರಿಸುವವರನ್ನು ಹುಡುಕಿ. ಮನೆಯಲ್ಲಿ ಅಂಚು ಉಜ್ಜುವಾಗಲೂ ಎನ್95 ಮಾಸ್ಕ್, ಕೈಗವಸು, ಒದ್ದೆ ಉಪ್ಪುಕಾಗದ. ತೋಳು ನಾಲ್ಕಲ್ಲ, ಆರು ಕತ್ತರಿಸಿ. ಪಕ್ಕೆ ಎರಡು ಜೊತೆ.

ಅಂಚನ್ನು ಸ್ವಲ್ಪ ದುಂಡಾಗಿಸಿ, ತೆಳ್ಳಗಿನ ಸೂಪರ್ ಗ್ಲೂ ಸುತ್ತಲೂ ಹಚ್ಚಿ. ಪದರಗಳು ಬಿಟ್ಟುಕೊಳ್ಳುವುದು ತಡವಾಗುತ್ತದೆ, ಬ್ಯಾಟರಿ ಪಟ್ಟಿಯೂ ಕೊಯ್ದುಹೋಗುವುದಿಲ್ಲ.

ಜೋಡಿಸುವಾಗ

ಮೋಟರ್ ಸ್ಕ್ರೂ ಬಗ್ಗೆ ಒಂದು ಮಾತು. 5 ಮಿ.ಮೀ. ತೋಳಿಗೆ 8 ಮಿ.ಮೀ. ಸ್ಕ್ರೂ. ಅದಕ್ಕಿಂತ ಉದ್ದದ್ದು ಸುರುಳಿಗೆ ತಾಗಿ ಮೋಟರ್ ಸುಡುತ್ತದೆ. ಲೋಹಕ್ಕೆ ಲೋಹ ಕೂಡುವಲ್ಲಿ ಸ್ಕ್ರೂ ಸಡಿಲವಾಗದಂತೆ ಹಿಡಿಯುವ ನೀಲಿ ಥ್ರೆಡ್‌ಲಾಕರ್ ಒಂದು ಹನಿ ಹಾಕಿ. ಕ್ಯಾಮೆರಾ ಸ್ಕ್ರೂಗಳಿಗೆ ಹಾಕಬೇಡಿ, ಆ ದ್ರವ ಪ್ಲಾಸ್ಟಿಕ್ ಕವಚವನ್ನು ಬಿರುಕು ಬಿಡಿಸುತ್ತದೆ. ಕಾರ್ಬನ್ ವಿದ್ಯುತ್ ಹರಿಸುತ್ತದೆ ಅನ್ನುವುದು ಇಲ್ಲೂ ನೆನಪಿರಲಿ, ಮೋಟರ್ ವೈರ್ ತೋಳಿಗೆ ಉಜ್ಜುವಲ್ಲಿ ಟೇಪ್ ಸುತ್ತಿ. ಆಂಟೆನಾವನ್ನು ಕಾರ್ಬನ್ನಿಗೆ ಅಂಟಿಸಿ ಇಟ್ಟರೆ ಸಿಗ್ನಲ್ ಹೋಗುತ್ತದೆ. ಬ್ಯಾಟರಿ ವೈರನ್ನು ಜಿಪ್ ಟೈನಿಂದ ಫ್ರೇಮಿಗೆ ಕಟ್ಟಿ. ಬಿದ್ದಾಗ ಬ್ಯಾಟರಿ ಹಾರಿಹೋದರೆ ಎಳೆತ ಫ್ರೇಮಿನ ಮೇಲೆ ಬೀಳಬೇಕು, ಬೆಸುಗೆಯ ಮೇಲಲ್ಲ.

ಬೀಳಿಸಿ ನೋಡುವುದು

ಎಲೆಕ್ಟ್ರಾನಿಕ್ಸ್ ಹಾಕುವ ಮುಂಚೆ ಒಮ್ಮೆ ಬರೀ ಫ್ರೇಮನ್ನು ಬೀಳಿಸಿ. ಒಟ್ಟು ತೂಕ 500 ಗ್ರಾಂ ಆಗುವಷ್ಟು ಮರಳಿನ ಚೀಲವನ್ನು ನಡುವೆ ಕಟ್ಟಿ, ಕ್ಯಾಮೆರಾ ಜಾಗದಲ್ಲಿ ಹಳೇ ಕ್ಯಾಮೆರಾ ಅಥವಾ ಅದೇ ಅಳತೆಯ ಮರದ ತುಂಡು ಇಟ್ಟು, ಲೆನ್ಸಿನ ಜಾಗಕ್ಕೆ ಸೀಮೆಸುಣ್ಣ ಅಂಟಿಸಿ. 2 ಮೀಟರ್ ಎತ್ತರದಿಂದ ಮೂತಿ ಕೆಳಗಾಗಿ ಬಿಡಿ. ನೆಲಕ್ಕೆ ತಾಗುವಾಗ ವೇಗ ಗಂಟೆಗೆ 22 ಕಿ.ಮೀ. ಆಸುಪಾಸು. ಸೀಮೆಸುಣ್ಣ ಮುರಿದರೆ ಗೂಡು ತಿದ್ದಬೇಕು ಅಂತ ಅರ್ಥ. ನಾನು ಬಕೆಟ್ಟಿನ ಮಣ್ಣಿನಲ್ಲಿ ಒಂದು ಕೂಳೆ ನೆಟ್ಟು ಅದರ ಮೇಲೂ ಬಿಟ್ಟೆ. ಅಮ್ಮ ಬಂದು ನೋಡಿ ಏನೂ ಅನ್ನದೆ ಒಳಗೆ ಹೋದರು.

ಆಮೇಲೆ ಎರಡು ಎದುರು ಮೋಟರ್ ಹಿಡಿದು ನಿಧಾನಕ್ಕೆ ತಿರುಚಿ. ಟಕ್ ಅಂತ ಸದ್ದು ಬಂದರೆ ಯಾವುದೋ ಬೋಲ್ಟ್ ಸಡಿಲ. ಪೂರ್ತಿ ಜೋಡಿಸಿದ ಮೇಲೆ ಮೇಜಿನ ಮೇಲೆ ಮೋಟರ್ ತಿರುಗಿಸಿ ನೋಡುವಾಗ ಪ್ರೊಪೆಲ್ಲರ್ ಬಿಚ್ಚಿರಲೇಬೇಕು.

ಹೊರಗೆ ಹೋಗುವ ಮೊದಲು ಕಾನೂನಿನ ಕೆಲಸ. 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂ ಮೀರಿ 2 ಕೆ.ಜಿ.ವರೆಗಿನದು ಮೈಕ್ರೊ ವರ್ಗ. ವಾಣಿಜ್ಯಕ್ಕಲ್ಲದೆ ಹಾರಿಸಲು ಪೈಲಟ್ ಪ್ರಮಾಣಪತ್ರ ಬೇಡ. ಆದರೆ ನೋಂದಣಿಯ ವಿಷಯ ಮತ್ತು ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದ ನಕ್ಷೆಯ ಹಸಿರು, ಹಳದಿ, ಕೆಂಪು ವಲಯ ನೋಡಿಕೊಳ್ಳಿ. ಮೈಸೂರಿನವರು ಮಂಡಕಳ್ಳಿ ವಿಮಾನ ನಿಲ್ದಾಣ ಎಷ್ಟು ದೂರ ಅಂತ ಮೊದಲು ನೋಡಿ. ವಿಡಿಯೊ ಕನ್ನಡಕ ಹಾಕಿಕೊಂಡು ಹಾರಿಸುವಾಗ ಬರಿಗಣ್ಣಲ್ಲಿ ಡ್ರೋನ್ ನೋಡುತ್ತಾ ನಿಲ್ಲುವ ಒಬ್ಬರು ಪಕ್ಕದಲ್ಲಿರಬೇಕು. ಬಜರ್ ಹಾಕದೆ ನಿಂತ ಕಬ್ಬಿನ ಹತ್ತಿರ ಹೋಗಲೇಬೇಡಿ. ಒಳಗೆ ಬಿದ್ದರೆ ಸದ್ದು ಕೇಳಿಯೇ ಹುಡುಕಬೇಕು, ಸೋಗೆ ಕೈಯೆಲ್ಲ ಕುಯ್ಯುತ್ತದೆ.

ಪ್ರತಿ ಸಲ ಬಿದ್ದ ಮೇಲೂ ತೋಳುಗಳನ್ನು ನಾಣ್ಯದಿಂದ ತಟ್ಟಿ, ಸಂತೆಯಲ್ಲಿ ಮಡಕೆ ತಟ್ಟಿ ನೋಡುವ ಹಾಗೆ. ಟಣ್ ಅಂದರೆ ಸರಿ. ಮಂಕಾದ ಸದ್ದು ಬಂದರೆ ಒಳಗೆ ಪದರ ಬಿಟ್ಟಿದೆ, ಮೇಲೆ ಗೀರು ಕಾಣದಿದ್ದರೂ ಆ ತೋಳು ತೆಗೆಯಿರಿ. ಆಮೇಲೆ ಜೇಬಿನಿಂದ ಸ್ಕೇಲ್ ತೆಗೆದು ಗೂಡಿನ ಬಾಯಿಗೆ ಇಡಿ. ಮೊನ್ನೆ ತೆಂಗಿನ ಮರಕ್ಕೆ ಹೊಡೆದಾಗ ನನ್ನದು ಒಂದು ಸ್ಟ್ಯಾಂಡ್‌ಆಫ್ ಬಾಗಿ, 5 ಮಿ.ಮೀ. ಇದ್ದ ಅಂತರ 2ಕ್ಕೆ ಇಳಿದಿತ್ತು. ಬದುವಿನ ಮೇಲೇ ಕೂತು ಬದಲಾಯಿಸಿ ಮತ್ತೆ ಹಾರಿಸಿದೆ.